ಸೈಡ್‌ಆರ್ಮ್ ಎಸೆದರೆ ಡಿಸ್ಕ್ ಎಡಕ್ಕೇ ಏಕೆ ಮಗುಚುತ್ತದೆ? ಡಿಸ್ಕ್ ಗಾಲ್ಫ್ ಕಲಿಯುವವರಿಗೆ ಒಂದು ವಿವರಣೆ

ಅಮೆರಿಕದಲ್ಲೋ ಫಿನ್ಲೆಂಡಿನಲ್ಲೋ ಕೆಲಸಕ್ಕಿರುವ ಅಣ್ಣ ರಜೆಗೆ ದಾವಣಗೆರೆಗೆ ಬರುತ್ತಾನೆ. ಚೀಲದಲ್ಲಿ ಆರೇಳು ಪ್ಲಾಸ್ಟಿಕ್ ಡಿಸ್ಕ್ ಇರುತ್ತವೆ. ಇದ್ದಷ್ಟು ದಿನ ಬೆಳಗ್ಗೆ ಕಾಲೇಜು ಮೈದಾನದಲ್ಲಿ ತಮ್ಮಂದಿರಿಗೆ ಎಸೆಯುವುದನ್ನು ತೋರಿಸುತ್ತಾನೆ, ವಾಪಸ್ ಹೋಗುವಾಗ ಒಂದೆರಡು ಡಿಸ್ಕ್ ಬಿಟ್ಟುಹೋಗುತ್ತಾನೆ. ಅಲ್ಲಿಂದ ಮುಂದೆ ಮೊಬೈಲ್ ವಿಡಿಯೊಗಳೇ ಗುರು. ಡಿಸ್ಕ್ ಗಾಲ್ಫ್ ನಮ್ಮ ಕಡೆಗೆ ಹೀಗೆ ಬರುತ್ತಿದೆ. ಹೀಗೆ ಕಲಿಯಲು ಹೊರಟವರು ಕೇಳುವ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಸೈಡ್‌ಆರ್ಮ್ ಎಸೆದ್ರೆ ಡಿಸ್ಕ್ ಎಡಕ್ಕೆ ಮಗುಚಿ ಬೀಳ್ತೈತಲ್ರಿ, ಎಷ್ಟು ಜೋರಾಗಿ ಎಸೆದ್ರೂ ಅಷ್ಟೇ. ಯಾಕೆ?"

ಸೈಡ್‌ಆರ್ಮ್ ಅಂದರೆ ಅಂಗೈ ಮೇಲ್ಮುಖವಾಗಿಟ್ಟು ಪಕ್ಕದಿಂದ ಎಸೆಯುವುದು, ಎಡಕ್ಕೆ ಮಗುಚುವುದು ಬಲಗೈಯವರ ಡಿಸ್ಕ್. ಜೋರಾಗಿ ಎಸೆಯುವುದೇ ಅದಕ್ಕೆ ಅರ್ಧ ಕಾರಣ. ಉಳಿದರ್ಧ ಕಾರಣ ಅಂಗೈ. ಇವೆರಡೂ ಹೇಗೆ ಸೇರಿ ಡಿಸ್ಕನ್ನು ಕೆಡವುತ್ತವೆ ಎಂದು ಅರ್ಥವಾದರೆ, ತಿದ್ದಿಕೊಳ್ಳುವ ದಾರಿ ತಾನಾಗಿಯೇ ಕಾಣುತ್ತದೆ. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು, ಮೊದಲು ಅದನ್ನು ಮುಗಿಸಿಬಿಡೋಣ.

ಇದು ಎಂಥ ಆಟ

ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ಸೇರಿಸುತ್ತಾರೆ. ಇಲ್ಲಿ ಡಿಸ್ಕನ್ನು ಬ್ಯಾಸ್ಕೆಟ್‌ಗೆ ಸೇರಿಸಬೇಕು. ಒಂದು ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿಗಳು, ಕೆಳಗೆ ತಂತಿಯ ಬುಟ್ಟಿ. ಡಿಸ್ಕ್ ಸರಪಳಿಗೆ ಬಡಿದು ಬುಟ್ಟಿಯೊಳಗೆ ಬೀಳುತ್ತದೆ. ಮೊದಲ ಎಸೆತ ಬಿದ್ದ ಜಾಗದಿಂದಲೇ ಎರಡನೆಯದು, ಅದು ಬಿದ್ದಲ್ಲಿಂದ ಮೂರನೆಯದು. ಹೀಗೆ 9 ಅಥವಾ 18 ಬ್ಯಾಸ್ಕೆಟ್ ಮುಗಿಸುವಷ್ಟರಲ್ಲಿ ಕಡಿಮೆ ಎಸೆತ ಬಳಸಿದವರು ಗೆದ್ದರು.

ಸರಪಳಿಯ ಈ ಬ್ಯಾಸ್ಕೆಟ್ ಅಮೆರಿಕದ ಎಡ್ ಹೆಡ್ರಿಕ್ ಅವರದು. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದ್ದ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಡಿಸ್ಕ್ ಗಾಲ್ಫ್ ಅಂಗಳ ರೂಪಿಸಿದರು. ಮರುವರ್ಷ, 1976ರಲ್ಲಿ, ಆಟದ ವೃತ್ತಿಪರ ಸಂಘ ಪಿಡಿಜಿಎ ಹುಟ್ಟಿತು. ಆಗ ಎಸೆಯುತ್ತಿದ್ದದ್ದು ದುಂಡಂಚಿನ ಸಾಧಾರಣ ಫ್ರಿಸ್ಬಿಗಳನ್ನು. 1983ರಲ್ಲಿ ಇನ್ನೋವಾ ಕಂಪನಿಯ ಡೇವ್ ಡ್ಯುನಿಪೇಸ್ ಅಂಚನ್ನು ಚೂಪಾಗಿಸಿದ ಡಿಸ್ಕ್ ತಂದರು. ಗಾಳಿಯನ್ನು ಸೀಳಿಕೊಂಡು ಹೋಗುವ ಆ ಅಂಚಿನಿಂದ ಎಸೆತದ ದೂರ ಹೆಚ್ಚಿತು. ಅದರ ಜೊತೆಗೇ ಎಸೆಯುವ ಕೈಯ ಸಣ್ಣ ತಪ್ಪೂ ದೊಡ್ಡದಾಗಿ ಕಾಣತೊಡಗಿತು.

ಸೈಡ್‌ಆರ್ಮ್ ಯಾವುದು, ಏಕೆ ಬೇಕು

ಎಸೆತದಲ್ಲಿ ಮುಖ್ಯವಾಗಿ ಎರಡು ಬಗೆ. ಡಿಸ್ಕನ್ನು ಎದೆಯ ಅಡ್ಡಕ್ಕೆ ತಂದು, ಹಿಂಗೈ ಮುಂದಾಗಿ ಎಸೆದರೆ ಅದು ಬ್ಯಾಕ್‌ಹ್ಯಾಂಡ್. ಮಕ್ಕಳು ಫ್ರಿಸ್ಬಿ ಎಸೆಯುವುದು ಹೀಗೆ. ಕೈಯನ್ನು ಅದೇ ಪಕ್ಕದಲ್ಲಿಟ್ಟು, ಅಂಗೈ ಮೇಲ್ಮುಖವಾಗಿ, ಸೊಂಟದ ಹತ್ತಿರದಿಂದ ಎಸೆದರೆ ಅದು ಸೈಡ್‌ಆರ್ಮ್. ಫೋರ್‌ಹ್ಯಾಂಡ್ ಎಂದರೂ ಇದೇ. ಅಲ್ಟಿಮೇಟ್ ಫ್ರಿಸ್ಬಿ ಎಂಬ ತಂಡದ ಆಟ ಆಡುವವರು ಇದನ್ನು ಫ್ಲಿಕ್ ಎನ್ನುತ್ತಾರೆ.

ಬಲಗೈಯವರ ಬ್ಯಾಕ್‌ಹ್ಯಾಂಡ್ ಕೊನೆಯಲ್ಲಿ ಎಡಕ್ಕೆ ಬಾಗಿ ಇಳಿಯುತ್ತದೆ, ಸೈಡ್‌ಆರ್ಮ್ ಬಲಕ್ಕೆ ಬಾಗಿ ಇಳಿಯುತ್ತದೆ. ಎಡಗೈಯವರಿಗೆ ಇದು ತಿರುಗುಮುರುಗು. ಎದುರಿಗೆ ಬೇವಿನ ಮರವೊಂದಿದ್ದು, ಬ್ಯಾಸ್ಕೆಟ್ ಅದರ ಹಿಂದೆ ಬಲಕ್ಕಿದ್ದರೆ ಬ್ಯಾಕ್‌ಹ್ಯಾಂಡ್ ಎಸೆಯುವವನು ತಿಣುಕಾಡಬೇಕು. ಸೈಡ್‌ಆರ್ಮ್ ಬಲ್ಲವರು ಮರದ ಎಡಗಡೆಯಿಂದ ಬಿಟ್ಟು ಬಲಕ್ಕೆ ತಿರುಗಿಸಿಕೊಳ್ಳುತ್ತಾರೆ. ಇನ್ನೊಂದು ಅನುಕೂಲವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬ್ಯಾಕ್‌ಹ್ಯಾಂಡ್‌ನಲ್ಲಿ ಕೈ ಹಿಂದಕ್ಕೆ ಚಾಚುವಾಗ ಗುರಿಗೆ ಬೆನ್ನು ತಿರುಗುತ್ತದೆ. ಸೈಡ್‌ಆರ್ಮ್‌ನಲ್ಲಿ ಕಣ್ಣು ಒಂದು ಕ್ಷಣವೂ ಗುರಿ ಬಿಡುವುದಿಲ್ಲ. ಪೊದೆಯ ಮಧ್ಯೆ ಓಡಿ ಬರಲು ಜಾಗವಿಲ್ಲದಾಗಲೂ ನಿಂತಲ್ಲಿಂದ ಎಸೆಯಬಹುದು.

ಸೈಡ್‌ಆರ್ಮ್‌ಗೇ ಹೆಸರಾದ ಆಟಗಾರರಿದ್ದಾರೆ. ಹಿಂದಿನ ತಲೆಮಾರಿನ ಸ್ಕಾಟ್ ಸ್ಟೋಕ್ಲಿ, ಈಗಿನವರಲ್ಲಿ ಈಗಲ್ ಮಕ್‌ಮಹಾನ್. ಅವರ ಎಸೆತದ ವಿಡಿಯೊಗಳನ್ನು ವೇಗ ತಗ್ಗಿಸಿ ನೋಡಿ. ಅಷ್ಟು ದೂರ ಹೋಗುವ ಎಸೆತದಲ್ಲಿ ಕೈ ಓಡಾಡುವ ಜಾಗ ಎಷ್ಟು ಚಿಕ್ಕದು ಎಂಬುದು ಗಮನಕ್ಕೆ ಬರುತ್ತದೆ.

ತಿರುಗುವ ಡಿಸ್ಕ್ ಏಕೆ ಬಾಗುತ್ತದೆ

ಡಿಸ್ಕ್ ಹಾರುವುದಕ್ಕೆ ಎರಡು ಬೇಕು: ಮುಂದಕ್ಕೆ ಹೋಗುವ ವೇಗ, ತನ್ನ ಸುತ್ತ ತಾನೇ ತಿರುಗುವ ಸುತ್ತು. ವೇಗದಿಂದ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಸುತ್ತಿನಿಂದ ಅದು ಮಗುಚದೆ ಸಮವಾಗಿ ನಿಲ್ಲುತ್ತದೆ. ಸುತ್ತಿಲ್ಲದ ಡಿಸ್ಕನ್ನು ಎಸೆದು ನೋಡಿ, ಎರಡು ಮಾರು ಹೋಗುವಷ್ಟರಲ್ಲಿ ತಲೆಕೆಳಗಾಗುತ್ತದೆ.

ಬಲಗೈ ಸೈಡ್‌ಆರ್ಮ್‌ನಲ್ಲಿ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಈಗ ಒಂದು ವಿಚಿತ್ರ ನಿಯಮ ನೆನಪಿಡಬೇಕು. ಸುತ್ತುತ್ತಿರುವ ವಸ್ತುವನ್ನು ಒಂದು ಕಡೆ ಒತ್ತಿದರೆ, ಅದು ಒತ್ತಿದ ಕಡೆ ಬಾಗುವುದಿಲ್ಲ. ಸುತ್ತಿನ ದಿಕ್ಕಿನಲ್ಲಿ ಕಾಲುಸುತ್ತು ಮುಂದೆ, ಅಂದರೆ 90 ಡಿಗ್ರಿ ಆಚೆ ಬಾಗುತ್ತದೆ. ಡಿಸ್ಕ್‌ನ ಮುಂದಿನ ಅಂಚನ್ನು ಗಾಳಿ ಕೆಳಕ್ಕೆ ಒತ್ತಿತು ಅನ್ನಿ. ಮುಂದಿನ ಅಂಚು ಇಳಿಯುವ ಬದಲು ಎಡದ ಅಂಚು ಇಳಿಯುತ್ತದೆ. ಡಿಸ್ಕ್ ಎಡಕ್ಕೆ ವಾಲುತ್ತದೆ. ಗಾಳಿ ಮುಂದಿನ ಅಂಚನ್ನು ಮೇಲಕ್ಕೆ ಎತ್ತಿದರೆ ಎಡದ ಅಂಚು ಏರುತ್ತದೆ, ಡಿಸ್ಕ್ ಬಲಕ್ಕೆ ವಾಲುತ್ತದೆ.

ಗಾಳಿ ಯಾವಾಗ ಒತ್ತುತ್ತದೆ, ಯಾವಾಗ ಎತ್ತುತ್ತದೆ? ಹೊರಟ ಹೊಸದರಲ್ಲಿ ಡಿಸ್ಕ್ ಬಹಳ ವೇಗದಲ್ಲಿ, ಹೆಚ್ಚುಕಡಿಮೆ ಸಮತಲವಾಗಿ ಗಾಳಿಯನ್ನು ಸೀಳುತ್ತಿರುತ್ತದೆ. ಆಗ ಮೇಲಕ್ಕೆತ್ತುವ ಬಲ ನಡುವಿಗಿಂತ ಹಿಂದೆ ಬೀಳುತ್ತದೆ. ಬಾಲ ಎತ್ತಿ, ಮೂತಿ ಒತ್ತಿದಂತಾಗುತ್ತದೆ. ವೇಗ ಕುಗ್ಗಿ ಕೆಳಗಿಳಿಯತೊಡಗಿದಾಗ ಗಾಳಿ ಅಡಿಯಿಂದ ಬಡಿಯುತ್ತದೆ, ಆ ಬಲ ಮುಂದಕ್ಕೆ ಜರುಗಿ ಮೂತಿಯನ್ನು ಎತ್ತುತ್ತದೆ. ಹಾಗಾಗಿ ಬಲಗೈ ಸೈಡ್‌ಆರ್ಮ್ ಮೊದಲು ಸ್ವಲ್ಪ ಎಡಕ್ಕೆ ವಾಲಿ, ಕೊನೆಗೆ ಬಲಕ್ಕೆ ಬಾಗಿ ಇಳಿಯಬೇಕು. ಮೊದಲ ವಾಲುವಿಕೆಗೆ ಆಟದಲ್ಲಿ ಟರ್ನ್ ಎಂದೂ ಕೊನೆಯ ಬಾಗಿಗೆ ಫೇಡ್ ಎಂದೂ ಹೆಸರು.

ಎಡಕ್ಕೆ ಮಗುಚುವ ಡಿಸ್ಕ್‌ನ ಗುಟ್ಟು ಇಲ್ಲಿದೆ. ಗಾಳಿಯ ಒತ್ತಡಕ್ಕೆ ಡಿಸ್ಕ್ ಎಷ್ಟು ಬೇಗ ವಾಲುತ್ತದೆ ಎಂಬುದನ್ನು ನಿರ್ಧರಿಸುವುದು ಸುತ್ತು. ಸುತ್ತು ಹೆಚ್ಚಿದ್ದರೆ ನಿಧಾನಕ್ಕೆ ವಾಲುತ್ತದೆ, ಕಡಿಮೆಯಿದ್ದರೆ ಬೇಗ. ತೋಳು ಬೀಸಿ ಎಸೆಯುವ ಹೊಸಬರ ಡಿಸ್ಕ್‌ಗೆ ವೇಗ ಬೇಕಾದಷ್ಟು ಸಿಗುತ್ತದೆ, ಸುತ್ತು ಸಿಗುವುದಿಲ್ಲ. ವೇಗ ಹೆಚ್ಚಿದಷ್ಟೂ ಮೂತಿ ಒತ್ತುವ ಬಲ ಹೆಚ್ಚು, ಸುತ್ತು ಕಡಿಮೆಯಾದಷ್ಟೂ ತಡೆಯುವ ಶಕ್ತಿ ಕಡಿಮೆ. ಟರ್ನ್ ನಿಲ್ಲದೆ ಮುಂದುವರಿಯುತ್ತದೆ, ಫೇಡ್ ಶುರುವಾಗುವ ಮೊದಲೇ ಡಿಸ್ಕ್ ನೆಲಕ್ಕೆ ಬಡಿಯುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ಬೇಗ ಬಡಿಯುತ್ತದೆ.

ಕ್ರಿಕೆಟ್ ಆಡಿದ ಕೈ

ನಮ್ಮಲ್ಲಿ ಡಿಸ್ಕ್ ಹಿಡಿಯುವ ಬಹುತೇಕ ಎಲ್ಲರೂ ಮೊದಲು ಕ್ರಿಕೆಟ್ ಚೆಂಡು ಎಸೆದವರೇ. ಅದು ಒಳ್ಳೆಯದು, ಭುಜಕ್ಕೆ ಬಲವಿರುತ್ತದೆ, ಮೊಣಕೈಯನ್ನು ಮುಂದೆ ತರುವ ಅಭ್ಯಾಸವಿರುತ್ತದೆ. ಪಾಯಿಂಟ್‌ನಲ್ಲಿ ನಿಂತು ಬಗ್ಗಿ ಚೆಂಡು ಹಿಡಿದು, ಪಕ್ಕದಿಂದಲೇ ವಿಕೆಟ್‌ಗೆ ಎಸೆಯುವ ಹುಡುಗ ಸೈಡ್‌ಆರ್ಮ್‌ನ ಅರ್ಧ ದಾರಿ ಆಗಲೇ ನಡೆದಿದ್ದಾನೆ.

ತೊಂದರೆ ಕೊನೆಯ ಅರ್ಧದಲ್ಲಿ. ಚೆಂಡು ಎಸೆಯುವಾಗ ಮುಂಗೈ ಒಳಕ್ಕೆ ತಿರುಗಿ, ಅಂಗೈ ನೆಲ ನೋಡುತ್ತದೆ. ಚೆಂಡು ಗುಂಡಗಿರುವುದರಿಂದ ಅದಕ್ಕೆ ನಷ್ಟವಿಲ್ಲ. ಆದರೆ ಡಿಸ್ಕ್‌ಗೆ ಮೇಲು ಕೆಳಗು ಇದೆ. ಕೈಯಿಂದ ಬಿಡುವ ಮೊದಲೇ ಅಂಗೈ ಮಗುಚಿದರೆ ಡಿಸ್ಕ್ ಎಡಕ್ಕೆ ವಾಲಿಕೊಂಡೇ ಹೊರಡುತ್ತದೆ. ಅಷ್ಟೇ ಅಲ್ಲ, ಒಂದು ಬಲ ಅದನ್ನು ಸುತ್ತಿಸುತ್ತಿರುವಾಗ ಇನ್ನೊಂದು ಬಲ ಬೇರೆ ದಿಕ್ಕಿಗೆ ತಿರುಚುವುದರಿಂದ ಡಿಸ್ಕ್ ಗಡಗಡ ನಡುಗುತ್ತದೆ. ನಡುಗುವ ಡಿಸ್ಕ್ ಗಾಳಿಯನ್ನು ಸೀಳುವ ಬದಲು ಗಾಳಿಗೆ ಡಿಕ್ಕಿ ಹೊಡೆಯುತ್ತಾ ಹೋಗುತ್ತದೆ, ಬೇಗ ಸೋಲುತ್ತದೆ, ಇನ್ನೂ ಬೇಗ ಮಗುಚುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡ ಆಟಗಾರರ ವಿಡಿಯೊ ನಿಲ್ಲಿಸಿ ನೋಡಿದರೆ, ಎಸೆದ ಮೇಲೆ ಅವರ ಕೈಯೂ ಎಷ್ಟೋ ಸಲ ಮಗುಚಿಕೊಂಡಿರುತ್ತದೆ. ಅದನ್ನು ನೋಡಿ ಹೊಸಬರು ಮಗುಚುವುದೇ ಸರಿ ಎಂದುಕೊಳ್ಳುತ್ತಾರೆ. ಅವರ ಕೈ ಮಗುಚುವುದು ಡಿಸ್ಕ್ ಹೋದ ಮೇಲೆ, ತೋಳು ಸಡಿಲಗೊಳ್ಳುವಾಗ. ಡಿಸ್ಕ್ ಬೆರಳು ಬಿಡುವ ಗಳಿಗೆಯಲ್ಲಿ ಅಂಗೈ ಆಕಾಶವನ್ನೇ ನೋಡುತ್ತಿರುತ್ತದೆ. ಈ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದಿಲ್ಲ, ಸ್ಲೋ ಮೋಷನ್ ಬೇಕೇ ಬೇಕು.

ಸರಿಯಾದ ಚಲನೆ ಯಾವುದೆಂದು ಕೈಗೆ ನೆನಪಿಸಲು ಕುಂದವಾಡ ಕೆರೆಯ ಏರಿಯ ಮೇಲೆ ನಿಂತು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಪುಟಿಸುತ್ತಾ ಎಸೆಯುವುದನ್ನು ನೆನೆದರೆ ಸಾಕು. ಕಲ್ಲು ನಾಲ್ಕು ಸಲ ಪುಟಿಯಬೇಕಾದರೆ ಬಗ್ಗಿ, ಮೊಣಕೈಯನ್ನು ಸೊಂಟಕ್ಕೆ ತಂದು, ಕೊನೆಗೆ ಮಣಿಕಟ್ಟಿನಿಂದ ಚಟಕ್ಕನೆ ಬಿಡುತ್ತೀರಿ. ಕಲ್ಲು ಮಟ್ಟಸವಾಗಿ ಸುತ್ತುತ್ತಾ ಹೋಗುತ್ತದೆ. ತೋಳಿನ ಬಲವನ್ನೆಲ್ಲ ಹಾಕಿ ಎಸೆದ ಕಲ್ಲು ಮೊದಲ ಪೆಟ್ಟಿಗೇ ಮುಳುಗುತ್ತದೆ. ಸೈಡ್‌ಆರ್ಮ್‌ಗೆ ಬೇಕಾದ್ದು ಆ ಪುಟಿಸುವ ಕೈ.

ಹಿಡಿತ

ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಜೋಡಿಸಿ ಡಿಸ್ಕ್‌ನ ಅಡಿಗೆ ಇಡಿ. ಮಧ್ಯದ ಬೆರಳಿನ ತಿರುಳು ಅಂಚಿನ ಒಳಗೋಡೆಗೆ ಗಟ್ಟಿಯಾಗಿ ಒತ್ತಿರಬೇಕು. ಡಿಸ್ಕ್ ಕೊನೆಯದಾಗಿ ಬಿಟ್ಟುಹೋಗುವುದು ಆ ಬೆರಳನ್ನೇ, ಸುತ್ತು ಹುಟ್ಟುವುದೂ ಅಲ್ಲೇ. ಹೆಬ್ಬೆರಳು ಮೇಲಿನಿಂದ ಒತ್ತಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿಗೆ ಅಂಚು ಪೂರ್ತಿ ಕೂರಲಿ, ಅಲ್ಲಿ ಬೆಳಕು ಕಂಡರೆ ಹಿಡಿತ ಸಡಿಲ ಎಂದರ್ಥ. ಉಳಿದೆರಡು ಬೆರಳು ಮಡಚಿ ಅಂಚಿನ ಹೊರಗಿರಲಿ.

ತೋರುಬೆರಳನ್ನು ಅಗಲಿಸಿ ಡಿಸ್ಕ್‌ನ ಹೊಟ್ಟೆಯ ಕಡೆಗೆ ಚಾಚಿ ಹಿಡಿಯುವವರೂ ಇದ್ದಾರೆ. ಡಿಸ್ಕ್ ಅಲುಗಾಡದೆ ಕೂರುತ್ತದೆ, ಹತ್ತಿರದ ಎಸೆತಕ್ಕೆ ಒಳ್ಳೆಯದು, ಆದರೆ ಮಣಿಕಟ್ಟಿನ ಓಟ ಸ್ವಲ್ಪ ಕಟ್ಟಿಹಾಕಿದಂತಾಗುತ್ತದೆ. ಕೈ ಚಿಕ್ಕದಿರುವವರು ಎರಡನ್ನೂ ಹಿಡಿದು ನೋಡಿ, ಕೈಗೆ ಒಪ್ಪಿದ್ದನ್ನು ಇಟ್ಟುಕೊಳ್ಳಬಹುದು. ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಅಂಗೈ ಬೆವರದೆ ಇರುವುದಿಲ್ಲ. ಸೊಂಟಕ್ಕೊಂದು ಸಣ್ಣ ಟವೆಲ್ ಸಿಕ್ಕಿಸಿಕೊಂಡು ಪ್ರತಿ ಎಸೆತಕ್ಕೂ ಮೊದಲು ಕೈಯನ್ನೂ ಅಂಚನ್ನೂ ಒರೆಸಿಕೊಳ್ಳಿ. ಡಿಸ್ಕ್ ಜಾರಿ ಬೇಗ ಕೈಬಿಟ್ಟರೆ ಮಿಕ್ಕಿದ್ದೆಲ್ಲ ಸರಿಯಿದ್ದರೂ ಫಲವಿಲ್ಲ.

ಸೊಂಟ, ಮೊಣಕೈ, ಮಣಿಕಟ್ಟು: ಈ ಕ್ರಮದಲ್ಲೇ

ಬಲಗೈಯವರು ಎಡಗಾಲು ಮುಂದಿಟ್ಟು, ಗುರಿಗೆ ಅರ್ಧ ಪಕ್ಕವಾಗಿ ನಿಲ್ಲಬೇಕು. ಭಾರ ಮೊದಲು ಹಿಂದಿನ ಬಲಗಾಲಿನ ಮೇಲೆ. ಎಸೆತ ಶುರುವಾಗುವುದು ಕೈಯಿಂದಲ್ಲ, ಭಾರ ಎಡಗಾಲಿಗೆ ಜರುಗುವುದರಿಂದ. ಕಾಲು ಊರಿತು, ಸೊಂಟ ಗುರಿಯ ಕಡೆ ತಿರುಗಿತು, ಅದರ ಹಿಂದೆ ಮೊಣಕೈ ಬಂತು, ಮೊಣಕೈಯ ಹಿಂದೆ ಮುಂಗೈ, ಎಲ್ಲದರ ಕೊನೆಗೆ ಮಣಿಕಟ್ಟು. ಹಿಂದಿನದು ನಿಧಾನವಾಗುತ್ತಿದ್ದಂತೆ ಅದರ ವೇಗ ಮುಂದಿನದಕ್ಕೆ ದಾಟುತ್ತದೆ. ಐದೂ ಒಟ್ಟಿಗೇ ಹೊರಟರೆ ಮಣಿಕಟ್ಟಿಗೆ ದಾಟಲು ಏನೂ ಉಳಿಯುವುದಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಮೊಣಕೈ. ಬೀಸಿ ಎಸೆಯುವ ಹುಮ್ಮಸ್ಸಿನಲ್ಲಿ ತೋಳು ನೆಟ್ಟಗಾಗಿ ದೇಹದಿಂದ ದೂರ ಹೋಗುತ್ತದೆ. ನೆಟ್ಟಗಾದ ತೋಳಿನಲ್ಲಿ ಮಣಿಕಟ್ಟು ಚಟಕ್ಕನೆ ತಿರುಗುವುದು ಕಷ್ಟ, ಡಿಸ್ಕ್ ಸುತ್ತುವ ಬದಲು ಬರೀ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಮೊಣಕೈ ಪಕ್ಕೆಗೆ ಹತ್ತಿರವಿರಲಿ, ಡಿಸ್ಕ್‌ಗಿಂತ ಮುಂದೆ ಬರಲಿ. ಮೊಣಕೈ ಬಲಸೊಂಟದ ಮುಂದೆ ಬಂದು ನಿಂತಂತಾದಾಗ ಮುಂಗೈ ತಾನೇ ಮುಂದಕ್ಕೆ ಚಿಮ್ಮುತ್ತದೆ.

ಮಣಿಕಟ್ಟನ್ನು ಮೊದಲಿನಿಂದಲೇ ಬಿಗಿಹಿಡಿಯಬೇಡಿ. ಬೆರಳು ಬಿಗಿ, ಮಣಿಕಟ್ಟು ಸಡಿಲ. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಸುಲಭವಲ್ಲ, ಬೆರಳು ಬಿಗಿಯಾದರೆ ಮಣಿಕಟ್ಟೂ ಬಿಗಿಯಾಗುತ್ತದೆ. ಅದಕ್ಕೇ ಹಿಂದಕ್ಕೆ ಕೈ ಒಯ್ಯುವಾಗ ಹಗುರಾಗಿ ಹಿಡಿದು, ಮುಂದಕ್ಕೆ ತರುವ ಕೊನೆಯ ಹಂತದಲ್ಲಿ ಬೆರಳು ಬಿಗಿಯುವುದನ್ನು ರೂಢಿಸಿಕೊಳ್ಳಬೇಕು. ಎಸೆದು ಮುಗಿದಾಗ ಮಧ್ಯದ ಬೆರಳು ಗುರಿಯನ್ನು ತೋರಿಸುತ್ತಿದ್ದು, ಅಂಗೈ ಮೇಲೆ ಮುಖ ಮಾಡಿದ್ದರೆ ಸರಿಯಾಗಿದೆ.

ಡಿಸ್ಕ್ ಮಗುಚದೆ ಮೇಲಕ್ಕೇರಿ, ಗಾಳಿಯಲ್ಲಿ ನಿಂತಂತಾಗಿ ಬಲಕ್ಕೆ ದೊಪ್ಪನೆ ಬೀಳುತ್ತಿದ್ದರೆ ಅದು ಬೇರೆ ರೋಗ. ಮೂತಿ ಮೇಲೆದ್ದಿದೆ. ಕೈ ಕೆಳಗಿನಿಂದ ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದೀರಿ ಅಥವಾ ಹೆಬ್ಬೆರಳಿನ ಒತ್ತು ಸಾಲದಾಗಿದೆ. ಹೆಬ್ಬೆರಳನ್ನು ಅಂಚಿನ ಮೇಲೆ ಗಟ್ಟಿಯಾಗಿ ಒತ್ತಿ, ಕೈಯನ್ನು ಸೊಂಟದ ಎತ್ತರದಲ್ಲೇ ಮುಗಿಸಿ.

ಮೈದಾನದಲ್ಲಿ ಏನು ಮಾಡಬೇಕು

ದೂರವನ್ನು ಒಂದಷ್ಟು ದಿನ ಮರೆತುಬಿಡಿ. ಖೋ-ಖೋ ಅಂಕಣ ಇರುವ ಶಾಲಾ ಮೈದಾನ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡು ಕಂಬಗಳ ನಡುವೆ ಸುಮಾರು 24 ಮೀಟರ್ ಇರುತ್ತದೆ, ಕಂಬದ ಎತ್ತರವೂ ಬ್ಯಾಸ್ಕೆಟ್‌ನ ಸರಪಳಿ ಇರುವ ಮಟ್ಟಕ್ಕೆ ಹತ್ತಿರ. ಒಂದು ಕಂಬದ ಬಳಿ ನಿಂತು ಇನ್ನೊಂದಕ್ಕೆ ಎಸೆಯಿರಿ.

ಮೊದಲಿಗೆ ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಚಿದ ಟವೆಲ್ ಸಿಕ್ಕಿಸಿಕೊಂಡು, ಅದು ಬೀಳದಂತೆ ಬರೀ ಮಣಿಕಟ್ಟಿನಿಂದ ಹತ್ತು ಹದಿನೈದು ಮೀಟರ್ ಎಸೆಯಿರಿ. ಇದು ತೀರಾ ಸಣ್ಣ ಎಸೆತ ಅನ್ನಿಸುತ್ತದೆ, ಆದರೆ ಸುತ್ತು ಎಲ್ಲಿಂದ ಬರುತ್ತದೆ ಎಂದು ಕೈಗೆ ಗೊತ್ತಾಗುವುದು ಇಲ್ಲೇ. ಡಿಸ್ಕ್‌ನ ಮೇಲೆ ಬಣ್ಣದ ಟೇಪಿನಿಂದ ಒಂದು ಗೆರೆ ಎಳೆದುಕೊಂಡರೆ ಹಾರಾಟದಲ್ಲಿ ನಡುಕ ಇದೆಯೋ ಇಲ್ಲವೋ ಹಿಂದೆ ನಿಂತವರಿಗೆ ಸುಲಭವಾಗಿ ಕಾಣುತ್ತದೆ. ನಡುಕ ಪೂರ್ತಿ ಹೋಗುವವರೆಗೂ ಟವೆಲ್ ತೆಗೆಯಬೇಡಿ. ಅದಾದ ಮೇಲೆ ಟವೆಲ್ ತೆಗೆದು ನಿಂತಲ್ಲಿಂದ ಭಾರ ಜರುಗಿಸಿ ಎಸೆಯಿರಿ, ಆಮೇಲೆ ಒಂದು ಹೆಜ್ಜೆ, ಕೊನೆಗೆ ಎರಡು ಮೂರು ಹೆಜ್ಜೆಯ ಓಟ. ಹೆಜ್ಜೆ ಸೇರಿಸಿದ ಕೂಡಲೇ ನಡುಕ ಮತ್ತೆ ಬಂದರೆ ಒಂದು ಹಂತ ಹಿಂದೆ ಬನ್ನಿ.

ಎಸೆತ ಮೇಲೇರುವ ಚಟವಿದ್ದವರಿಗೆ ವಾಲಿಬಾಲ್ ಬಲೆ ಸಹಾಯಕ. ಪುರುಷರ ಬಲೆಯ ಮೇಲಂಚು 2.43 ಮೀಟರ್, ಬಲೆಯ ಅಗಲ ಒಂದು ಮೀಟರ್, ಅಂದರೆ ಕೆಳಗೆ 1.43 ಮೀಟರ್ ಖಾಲಿ ಇರುತ್ತದೆ. ಬಲೆಯ ಆಚೆಗೆ ಹತ್ತು ಹೆಜ್ಜೆ ದೂರ ನಿಂತು, ಬಲೆಯ ಅಡಿಯಿಂದ ಡಿಸ್ಕ್ ತೂರಿಸಿ.

ಮೊಬೈಲನ್ನು ಬೆನ್ನ ಹಿಂದೆ ಒಮ್ಮೆ, ಬಲಪಕ್ಕದಲ್ಲಿ ಒಮ್ಮೆ ಇಟ್ಟು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಹಿಂದಿನ ವಿಡಿಯೊದಲ್ಲಿ ಡಿಸ್ಕ್ ಬಿಡುವಾಗ ಯಾವ ಕಡೆ ವಾಲಿದೆ ಎಂಬುದು, ಪಕ್ಕದ ವಿಡಿಯೊದಲ್ಲಿ ಮೊಣಕೈ ಮುಂದಿದೆಯೋ ಡಿಸ್ಕ್ ಮುಂದಿದೆಯೋ ಎಂಬುದು ಸ್ಪಷ್ಟವಾಗುತ್ತದೆ. ಒಂದು ದಿನಕ್ಕೆ ಒಂದೇ ತಪ್ಪನ್ನು ತಿದ್ದಿ. ಹಿಡಿತ, ಮೊಣಕೈ, ಕಾಲು ಮೂರನ್ನೂ ಒಂದೇ ಬೆಳಗ್ಗೆ ಬದಲಿಸಲು ಹೊರಟರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಚನ್ನಗಿರಿ ಕಡೆಯವರು ಅಡಿಕೆ ತೋಟದ ಸಾಲುಗಳ ನಡುವೆ ಎಸೆದು ನೋಡಲು ಆಸೆಪಡುವುದು ಸಹಜ, ಅಷ್ಟು ನೇರವಾದ ಓಣಿ ಬೇರೆಲ್ಲೂ ಸಿಗದು. ತೋಟದವರನ್ನು ಕೇಳದೆ ಹೋಗಬೇಡಿ, ಡಿಸ್ಕ್‌ನ ಅಂಚು ಎಳೆ ಗಿಡಕ್ಕೆ ಗಾಯ ಮಾಡುತ್ತದೆ. ಕೋಟೆಯ ಒಳಗೆ ಎಸೆಯುವ ಯೋಚನೆಯಂತೂ ಬೇಡ, ದುರ್ಗದ ಕೋಟೆ ಸಂರಕ್ಷಿತ ಸ್ಮಾರಕ, ಯಾವಾಗಲೂ ಜನ ಓಡಾಡುವ ಜಾಗ. ವಾಕಿಂಗ್ ಮಾಡುವವರಿರುವ ಮೈದಾನದಲ್ಲೂ ಎದುರಿಗೆ ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ ಕಾಯಬೇಕು. ಡಿಸ್ಕ್ ಗಾಲ್ಫ್‌ನ ಡಿಸ್ಕ್ ಮಕ್ಕಳ ಫ್ರಿಸ್ಬಿಯಂತೆ ಮೆತ್ತಗಿರುವುದಿಲ್ಲ, ಹಣೆಗೆ ಬಡಿದರೆ ಹೊಲಿಗೆ ಬೀಳುತ್ತದೆ.

ಯಾವ ಡಿಸ್ಕ್

ಡಿಸ್ಕ್‌ನ ಮೇಲೆ ನಾಲ್ಕು ಅಂಕಿ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಮೊದಲನೆಯದು ಅದಕ್ಕೆ ಎಷ್ಟು ವೇಗ ಬೇಕು ಎಂಬುದು, ಎರಡನೆಯದು ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಎಂಬುದು, ಮೂರನೆಯದು ಟರ್ನ್, ನಾಲ್ಕನೆಯದು ಫೇಡ್. ಮೂರನೆಯದು ಸೊನ್ನೆಗಿಂತ ಕೆಳಗಿಳಿದಷ್ಟೂ ಡಿಸ್ಕ್ ಬೇಗ ಮಗುಚುವ ಸ್ವಭಾವದ್ದು. ನಾಲ್ಕನೆಯದು ಹೆಚ್ಚಿದಷ್ಟೂ ಕೊನೆಯಲ್ಲಿ ಜೋರಾಗಿ ಬಾಗುತ್ತದೆ.

ಇನ್ನೋವಾದ ಏವಿಯರ್ ಎಂಬ ಪುಟ್ಟರ್‌ಗೆ 2, 3, 0, 1 ಎಂದಿರುತ್ತದೆ. ಪುಟ್ಟರ್ ಅಂದರೆ ಬ್ಯಾಸ್ಕೆಟ್ ಹತ್ತಿರದ ಎಸೆತಕ್ಕೆ ಬಳಸುವ, ದಪ್ಪಂಚಿನ ನಿಧಾನದ ಡಿಸ್ಕ್. ಡಿಸ್ಕ್ರಾಫ್ಟ್ ಕಂಪನಿಯ ಬಜ್‌ಗೆ 5, 4, -1, 1, ಇದು ಮಧ್ಯಮ ದೂರದ್ದು. ಇನ್ನೋವಾದ ಫೈರ್‌ಬರ್ಡ್‌ಗೆ 9, 3, 0, 4. ಇದು ಡ್ರೈವರ್, ದೂರದ ಎಸೆತಕ್ಕೆ, ಮಗುಚಲು ಸುಲಭಕ್ಕೆ ಒಪ್ಪದ ಡಿಸ್ಕ್. ಸೈಡ್‌ಆರ್ಮ್‌ನಲ್ಲಿ ಸುತ್ತು ಸಾಮಾನ್ಯವಾಗಿ ಬ್ಯಾಕ್‌ಹ್ಯಾಂಡ್‌ಗಿಂತ ಕಡಿಮೆ ಸಿಗುವುದರಿಂದ, ಬಹಳ ಆಟಗಾರರು ಫೈರ್‌ಬರ್ಡ್ ಜಾತಿಯದನ್ನೇ ಇಷ್ಟಪಡುತ್ತಾರೆ.

ಆದರೆ ಕಲಿಯಲು ಅದನ್ನೇ ಹಿಡಿಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗುಚದ ಡಿಸ್ಕ್ ನಿಮ್ಮ ಅಂಗೈ ಮಗುಚಿದ್ದನ್ನು ಮುಚ್ಚಿಹಾಕುತ್ತದೆ. ಎಸೆತ ಚೆನ್ನಾಗಿ ಹೋಯಿತೆಂದುಕೊಳ್ಳುತ್ತೀರಿ, ತಪ್ಪು ಕೈಯಲ್ಲೇ ಉಳಿಯುತ್ತದೆ. ಪುಟ್ಟರ್ ಅಥವಾ ಮಧ್ಯಮ ದೂರದ ಡಿಸ್ಕ್ ಸಣ್ಣ ನಡುಕವನ್ನೂ ಎತ್ತಿ ತೋರಿಸುತ್ತದೆ. ಪುಟ್ಟರ್ ನಡುಗದೆ 40 ಮೀಟರ್ ಹೋಗತೊಡಗಿದ ಮೇಲೆ ಡ್ರೈವರ್ ಹಿಡಿಯಿರಿ. ಪುಟ್ಟರ್ ಸಿಗದಿದ್ದರೆ ಅಲ್ಟಿಮೇಟ್ ಫ್ರಿಸ್ಬಿಯ 175 ಗ್ರಾಂ ಡಿಸ್ಕ್ ಆದೀತು, ಅದೂ ಸುತ್ತಿಲ್ಲದ ಎಸೆತವನ್ನು ಕ್ಷಮಿಸುವುದಿಲ್ಲ.

ಜೋಗಿಮಟ್ಟಿ ಗಾಳಿ ಬೀಸಿದಾಗ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಶ್ಚಿಮ, ನೈಋತ್ಯದ ಗಾಳಿ ಅಲ್ಲಿ ಬಿಡುವಿಲ್ಲದೆ ಬೀಸುತ್ತದೆ. ಆ ದಿನಗಳಲ್ಲಿ ಕಲಿಯುವವರಿಗೆ ಎಲ್ಲ ಕೆಟ್ಟುಹೋಯಿತೆನ್ನಿಸುತ್ತದೆ. ಎಸೆತ ಕೆಟ್ಟಿರುವುದಿಲ್ಲ, ಗಾಳಿಯ ಲೆಕ್ಕ ತಪ್ಪಿರುತ್ತದೆ.

ಡಿಸ್ಕ್‌ಗೆ ನೆಲದ ಮೇಲಿನ ವೇಗ ಗೊತ್ತಿಲ್ಲ, ತನಗೆ ಬಡಿಯುವ ಗಾಳಿಯ ವೇಗ ಮಾತ್ರ ಗೊತ್ತು. ಎದುರುಗಾಳಿಯಲ್ಲಿ ಎಸೆದರೆ ಅದರ ಪಾಲಿಗೆ ನೀವು ಇನ್ನೂ ಜೋರಾಗಿ ಎಸೆದಂತೆ. ಹಾಗಾಗಿ ಟರ್ನ್ ಹೆಚ್ಚುತ್ತದೆ, ಎಡಕ್ಕೆ ಮಗುಚುವ ಅಪಾಯ ಹೆಚ್ಚು. ಆಗ ಫೈರ್‌ಬರ್ಡ್‌ನಂಥದ್ದನ್ನು ಕೈಗೆತ್ತಿಕೊಂಡು, ಹೊರಗಿನ ಬಲದ ಅಂಚನ್ನು ಸ್ವಲ್ಪ ತಗ್ಗಿಸಿ, ತಗ್ಗಿನಲ್ಲೇ ಎಸೆಯಬೇಕು. ಹೀಗೆ ಹೊರ ಅಂಚು ತಗ್ಗಿಸಿ ಬಿಡುವುದಕ್ಕೆ ಹೈಜರ್ ಎಂದೂ, ಹೊರ ಅಂಚು ಎತ್ತಿ ಬಿಡುವುದಕ್ಕೆ ಆನ್‌ಹೈಜರ್ ಎಂದೂ ಕರೆಯುತ್ತಾರೆ. ಬೆನ್ನಗಾಳಿಯಲ್ಲಿ ಇದಕ್ಕೆ ವಿರುದ್ಧ. ಡಿಸ್ಕ್ ನಿಧಾನದಲ್ಲಿರುವಂತೆ ವರ್ತಿಸಿ ಬೇಗ ಬಾಗಿ ಇಳಿಯುತ್ತದೆ, ಸ್ವಲ್ಪ ಎತ್ತರಕ್ಕೆ ಬಿಡಬೇಕು.

ಅಡ್ಡಗಾಳಿ ಇನ್ನೂ ಕುತೂಹಲದ್ದು. ಬಲಗೈ ಸೈಡ್‌ಆರ್ಮ್ ಕೊನೆಯಲ್ಲಿ ಬಲಕ್ಕೆ ವಾಲಿದಾಗ ಅದರ ಹೊಟ್ಟೆ ಎಡಗಡೆಗೆ ತೆರೆದಿರುತ್ತದೆ. ಎಡದಿಂದ ಗಾಳಿ ಬಂದರೆ ಹೊಟ್ಟೆಗೆ ಬಡಿದು, ಎತ್ತಿಕೊಂಡು ಬಲಕ್ಕೆ ಬಹುದೂರ ಒಯ್ಯುತ್ತದೆ. ಬಲದಿಂದ ಬಂದರೆ ಬೆನ್ನಿಗೆ ಬಡಿದು ಬೇಗ ನೆಲಕ್ಕೊತ್ತುತ್ತದೆ. ಎಸೆಯುವ ಮೊದಲು ಚಿಟಿಕೆ ಮಣ್ಣನ್ನೋ ಒಣ ಹುಲ್ಲನ್ನೋ ಬಿಟ್ಟು ಗಾಳಿ ಎತ್ತಣದ್ದು ಎಂದು ನೋಡಿಕೊಂಡರೆ, ಗುರಿಯನ್ನು ಎಷ್ಟು ಅತ್ತ ಇತ್ತ ಜರುಗಿಸಬೇಕೆಂದು ಅಂದಾಜಾಗುತ್ತದೆ.

ಮೊಣಕೈ ಒಳಬದಿ ನೋಯುತ್ತಿದ್ದರೆ

ಸೈಡ್‌ಆರ್ಮ್‌ನಲ್ಲಿ ಹೆಚ್ಚು ಭಾರ ಬೀಳುವುದು ಮೊಣಕೈಯ ಒಳಬದಿಯ ಸ್ನಾಯುರಜ್ಜು ಮತ್ತು ಅಸ್ಥಿಬಂಧದ ಮೇಲೆ. ವೇಗದ ಬೌಲರ್‌ಗಳಿಗೂ ಬೇಸ್‌ಬಾಲ್ ಪಿಚರ್‌ಗಳಿಗೂ ತೋಳಿನ ಕಾಳಜಿ ಹೇಗೋ ಇಲ್ಲಿಯೂ ಹಾಗೆ. ಮೈ ಬಿಸಿಯಾಗದೆ, ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಮೈದಾನಕ್ಕೆ ಬಂದ ಕೂಡಲೇ ಪೂರ್ತಿ ಬಲದಲ್ಲಿ ಎಸೆಯುವವರಿಗೆ ನೋವು ಬೇಗ ಬರುತ್ತದೆ. ನೆಟ್ಟಗಾದ ತೋಳು, ಭುಜದ ಮೇಲಿನಿಂದ ಎಳೆದು ತರುವ ಕೈ, ನಡುವಿನಲ್ಲೇ ಮಗುಚುವ ಅಂಗೈ ಇವೆಲ್ಲ ಹಾರಾಟವನ್ನು ಕೆಡಿಸುವುದರ ಜೊತೆಗೆ ಮೊಣಕೈಯನ್ನೂ ಎಳೆಯುತ್ತವೆ.

ಭುಜ, ಮಣಿಕಟ್ಟು ತಿರುಗಿಸಿ, ಒಂದಷ್ಟು ಹತ್ತಿರದ ಎಸೆತ ಎಸೆದು, ಬಲವನ್ನು ನಿಧಾನಕ್ಕೆ ಏರಿಸಿ. ಸ್ನಾಯುವಿನ ಆಯಾಸ ಮರುದಿನಕ್ಕೆ ಕಡಿಮೆಯಾಗುತ್ತದೆ. ಮೊಣಕೈಯ ಒಳಗೆ ಚುಚ್ಚಿದಂಥ ನೋವು, ಕಿರುಬೆರಳು, ಉಂಗುರದ ಬೆರಳಿಗೆ ಜೋಮು ಕಾಣಿಸಿಕೊಂಡರೆ ಅವತ್ತೇ ಎಸೆಯುವುದನ್ನು ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಬೆಳೆಯುತ್ತಿರುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಅವರ ಮೂಳೆಯ ಬೆಳವಣಿಗೆಯ ಪದರ ಇನ್ನೂ ಮೆತ್ತಗಿರುತ್ತದೆ. ಹನ್ನೆರಡು ಹದಿಮೂರರ ಹುಡುಗರಿಗೆ ಡ್ರೈವರ್ ಕೊಡುವ ಬದಲು ಹಗುರದ ಪುಟ್ಟರ್ ಕೊಟ್ಟು, ಖೋ-ಖೋ ಕಂಬದಿಂದ ಕಂಬಕ್ಕೆ ಎಸೆಯಲು ಬಿಡಿ. ಬಲಗೈ ದಣಿದರೆ ಎಡಗೈಯಿಂದ ಎಸೆಯಲಿ, ಕೆಲವು ವಾರಗಳಲ್ಲಿ ಎರಡೂ ಕಡೆ ಬಾಗುವ ಎಸೆತ ಅವರ ಕೈಗೆ ಬರುತ್ತದೆ.